ಬಿಚ್ಚಿಟ್ಟ ಕೊರಳಪಟ್ಟಿ

"ಗುರುಗಳ, ವಕೀಲ ಆದಾಂವ ನಾಕು ಮಂದಿನ್ನ ಮುಂದ ನಡಸೂದು ಹೆಂಗ ಕಲೀಬೇಕ್ರಿ?"

ಕೇಳಿದವನು ಚನ್ನವೀರ. ಹದಿನೆಂಟು ವರ್ಷದಿಂದ ವಕೀಲಿ ಮಾಡುತ್ತಿದ್ದವನು. ಕೇಳಿದ್ದು ಫಕೀರೇಶ ಮಾಸ್ತರರನ್ನು, ಅವರ ಮನೆಗೇ ಹೋಗಿ. ಮಾಸ್ತರರು ಕಾನೂನು ಕಾಲೇಜಿನಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದವರು. ಆ ಜಿಲ್ಲೆಯ ಅರ್ಧ ವಕೀಲರು ಅವರ ಮುಂದೆ ಬೆಂಚಿನ ಮೇಲೆ ಕೂತು ಓದಿದವರೇ. ಎಷ್ಟು ತಲೆ ನೆರೆತರೂ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು.

ಚನ್ನವೀರನ ಕಷ್ಟ ಇಷ್ಟು. ವಾದದಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿ ಇಬ್ಬರೋ ಮೂವರೋ. ಆದರೆ ಅವನ ಆಫೀಸಿಗೆ ಕಲಿಯಲು ಬಂದ ಕಿರಿಯ ವಕೀಲರು ಎರಡು ವರ್ಷ ತುಂಬುವುದರೊಳಗೆ ಬಿಟ್ಟುಹೋಗುತ್ತಿದ್ದರು. ಹೋದವರು ಹೊರಗೆ ಅವನನ್ನು ಬೈಯುತ್ತಲೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಈ ಸಲ ವಕೀಲರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ಮನಸ್ಸು ಮಾಡಿದ್ದ. ಓಟು ಕೇಳಲು ಹೋದರೆ ಹಳೆಯ ಕಿರಿಯರು ನಗುನಗುತ್ತ ಮಾತಾಡಿಸಿ, ಬಾಗಿಲವರೆಗೆ ಬಂದು ಕಳಿಸಿಕೊಡುತ್ತಿದ್ದರು. ಓಟು ಹಾಕುತ್ತೇನೆ ಎಂದು ಮಾತ್ರ ಒಬ್ಬನೂ ಹೇಳಿರಲಿಲ್ಲ.

"ನಾಯಕತ್ವದ ಶಿಬಿರಕ್ಕ ಎರಡು ಸಲ ಹೋಗಿ ಬಂದ್ನಿರಿ," ಎಂದ. "ಸರ್ಟಿಫಿಕೇಟೂ ಕೊಟ್ರು."

ಮಾಸ್ತರರು ನಕ್ಕರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚನ್ನವೀರನ ಈಗಿನ ಕಿರಿಯಳು ಕೂತಿದ್ದಳು. ಮಡಿಲಲ್ಲಿ ಅವನ ಫೈಲುಗಳಿದ್ದವು. ಮಾಸ್ತರರು ಅವಳ ಕಡೆ ತಿರುಗಿದರು.

"ಯಾವೂರವ್ವ ನಿಂದು?"

"ರೋಣದ ಕಡ್ಯಾಕಿ ರೀ," ಎಂದ ಚನ್ನವೀರ.

"ಕೋರ್ಟಿಗೆ ಬರಾಕ ಹತ್ತಿ ಎಷ್ಟು ದಿನ ಆತು?"

"ಒಂದೂವರಿ ವರ್ಷ ಆತ್ರಿ. ಹುಡುಗಿ ಚುರುಕ ಐತಿ," ಎಂದ ಚನ್ನವೀರ.

"ಚಹಾ ಕುಡೀತೀಯೇನು?"

"ಅಕಿ ಚಹಾ ಕುಡಿಯೂದಿಲ್ರಿ," ಎಂದ ಚನ್ನವೀರ.

ಮಾಸ್ತರರು ಒಳಗೆ ಕೂಗಿ ಮೂರು ಲೋಟ ಚಹಾ ತರಿಸಿದರು. ಒಂದನ್ನು ತಾವೇ ಎದ್ದು ಅವಳ ಕೈಗೆ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ದೊಡ್ಡ ವಕೀಲ. ಅವನು ವಾದಕ್ಕೆ ನಿಂತ ದಿನ ಬೇರೆ ಕೋರ್ಟಿನ ವಕೀಲರು ಕೆಲಸ ಬಿಟ್ಟು ಬಂದು ಹಿಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು. ಅವನು ಸುಳ್ಳು ಕೇಸು ಹಿಡಿದವನಲ್ಲ. ಬಡವರನ್ನು ಬಾಗಿಲಿನಿಂದ ಹಾಗೆಯೇ ಕಳಿಸಿದವನಲ್ಲ. ಒಳ್ಳೆಯ ಮನುಷ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಅವನಿಗೆ ಒಂದೇ ಒಂದು ಚಟವಿತ್ತು. ಬೇರೆಯವರು ಮಾತಾಡುವಾಗ ಕೂತಲ್ಲಿ ಕೂರಲಾರ.

ಅವನ ಕಿರಿಯರು ಯಾರಾದರೂ ಎದ್ದು ನಿಂತು ವಾದ ಶುರುಮಾಡಿದರೆ ಮೊದಲ ವಾಕ್ಯ ತಡೆದುಕೊಳ್ಳುತ್ತಿದ್ದ. ಎರಡನೆಯ ವಾಕ್ಯಕ್ಕೆ ಕೈ ಕೊರಳಿಗೆ ಹೋಗಿ ವಕೀಲರು ಕಟ್ಟುವ ಬಿಳಿ ಪಟ್ಟಿಯನ್ನು ನೇರ ಮಾಡಿಕೊಳ್ಳುತ್ತಿತ್ತು. ಮೂರನೆಯ ವಾಕ್ಯಕ್ಕೆ ಎದ್ದೇಬಿಡುತ್ತಿದ್ದ. "ಅದಕ್ಕೆ ಒಂದು ಮಾತು ಸೇರಿಸುತ್ತೇನೆ, ಸ್ವಾಮಿ." ಆ ಒಂದು ಮಾತು ನಲವತ್ತು ನಿಮಿಷ ನಡೆಯುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಕಿರಿಯ ವಕೀಲ ಮೆಲ್ಲಗೆ ಕೂರುತ್ತಿದ್ದ. ಇವನು ಯಾರನ್ನೋ ಕೂರಿಸಿದೆ ಎಂದು ಒಮ್ಮೆಯೂ ಅಂದುಕೊಂಡವನಲ್ಲ. ಕೈಹಿಡಿದು ದಾಟಿಸಿದೆ ಎಂದುಕೊಂಡು ಸಂತೋಷಪಡುತ್ತಿದ್ದ.

ಇಪ್ಪತ್ತು ವರ್ಷದಲ್ಲಿ ಏಳು ಜನ ಅವನ ಆಫೀಸಿನಲ್ಲಿ ಕಲಿತುಹೋದರು. ಒಬ್ಬ ಕೋರ್ಟಿನ ಎದುರಿನ ಬೇವಿನ ಮರದಡಿ ಟೇಬಲ್ಲು ಹಾಕಿಕೊಂಡು ನೋಟರಿಯಾದ. ಒಬ್ಬ ಜೆರಾಕ್ಸ್ ಅಂಗಡಿ ಇಟ್ಟ. ಒಬ್ಬ ಮಾವನ ಹಾರ್ಡ್‌ವೇರ್ ವ್ಯಾಪಾರಕ್ಕೆ ಸೇರಿದ. ಏಳೂ ಜನರಿಗೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತಿತ್ತು. "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಸಮಯ ಬೇಕು," ಎಂದು ವಿನಯದಿಂದ ಕೇಳುವ ವಿದ್ಯೆ.

ಎಂಟನೆಯವಳಾಗಿ ಒಬ್ಬ ಹುಡುಗಿ ಬಂದಳು. ಅವಳು ಬಂದ ವರ್ಷವೇ ಆ ಆಫೀಸಿಗೆ ಮಡಿವಾಳರ ಕೇಸು ಬಂತು.

ಕೆರೆಯ ದಂಡೆಯಲ್ಲಿ ಹನ್ನೊಂದು ಮಡಿವಾಳ ಮನೆತನಗಳು ಬಟ್ಟೆ ಒಗೆದು ಪಕ್ಕದ ಬಯಲಿನಲ್ಲಿ ಒಣಹಾಕುತ್ತಿದ್ದವು. ಅಜ್ಜ ಮುತ್ತಜ್ಜನ ಕಾಲದಿಂದ ಹಾಗೇ ನಡೆದುಬಂದಿತ್ತು. ಆ ಬಯಲನ್ನು ಒಬ್ಬ ವ್ಯಾಪಾರಿ ಕೊಂಡ. ಬೇಲಿ ಹಾಕುತ್ತೇನೆ, ಇನ್ನು ಮುಂದೆ ಕಾಲಿಡಬೇಡಿ ಎಂದ. ಬಯಲು ಹೋದರೆ ಹನ್ನೊಂದು ಮನೆಯ ಕಸುಬೇ ಹೋದಂತೆ. ಒಗೆದ ಬಟ್ಟೆಯನ್ನು ಹಸಿಯಾಗಿ ಯಾರ ಮನೆಗೆ ಒಯ್ದು ಕೊಡುವುದು? ಅವರಲ್ಲಿ ಹಿರಿಯಳಾದ ಒಬ್ಬ ಅಜ್ಜಿ ವಕೀಲನ ಹತ್ತಿರ ಬಂದಳು. ಅವನು ಬೇಲಿ ಹಾಕದಂತೆ ತಡೆ ಕೇಳಿ ದಾವೆ ಹೂಡಿದ. ಅರ್ಜಿ ಬರೆದವಳು ಕಿರಿಯಳು. ಕೆರೆಗೆ ಹೋಗಿ ಮೂವತ್ತೊಂದು ಒಗೆಯುವ ಬಂಡೆಗಳನ್ನು ಎಣಿಸಿ, ಯಾವ ಬಂಡೆ ಯಾವ ಮನೆಯದು ಎಂದು ಬರೆದುಕೊಂಡು ಬಂದವಳೂ ಅವಳೇ.

ಅಷ್ಟರಲ್ಲಿ ವಕೀಲ ಹೆಂಡತಿಯ ಜೊತೆ ಕಾಶಿಗೆ ಹೊರಟ. ಎಷ್ಟೋ ವರ್ಷದ ಹರಕೆ. ಹನ್ನೆರಡು ದಿನದ ಪ್ರಯಾಣ. "ಎಲ್ಲಾದಕ್ಕೂ ತಾರೀಖು ತಗೊ," ಎಂದು ಕಿರಿಯಳಿಗೆ ಹೇಳಿ ರೈಲು ಹತ್ತಿದ.

ಅವನು ತಿರುಗಿ ಬಂದ ದಿನ ಅಜ್ಜಿ ಆಫೀಸಿನ ಮುಂದೆ ಕಾದಿದ್ದಳು. ಒಂದು ದೊಡ್ಡ ಹಸಿ ಗಂಟನ್ನು ಮೆಟ್ಟಿಲ ಮೇಲೆ ಧೊಪ್ಪೆಂದು ಇಟ್ಟಳು.

"ಮದುವಿ ಮನಿ ಸೀರಿ ಅದಾವ್ರಿ ಸಾಹೇಬ್ರ. ಬೇಲಿ ಹಾಕ್ಯಾರ. ಇವನ್ನೆಲ್ಲಿ ಒಣಹಾಕ್ಲಿ, ನೀವ ಹೇಳ್ರಿ."

ಅಜ್ಜಿ ಅವನ ಉತ್ತರಕ್ಕೆ ಕಾಯಲಿಲ್ಲ. ಅವತ್ತು ಆಫೀಸಿನ ಮುಂದಿನ ಕಟಕಟೆಯ ಮೇಲೆ ಹದಿನಾಲ್ಕು ಸೀರೆ ಒಣಗಿದವು. ಕಕ್ಷಿದಾರರು ಸೀರೆ ಸರಿಸಿಕೊಂಡು ಒಳಗೆ ಬಂದು ಹೋದರು.

ನಡೆದದ್ದು ಹೀಗೆ. ಅವನು ಊರಲ್ಲಿಲ್ಲದಾಗ ಅರ್ಜಿ ವಿಚಾರಣೆಗೆ ಬಂದಿತ್ತು. ನ್ಯಾಯಾಧೀಶರು ಕಾಗದ ಓದಿಕೊಂಡೇ ಕೂತಿದ್ದರು. "ಅರ್ಜಿ ನೀವೇ ಬರೆದಂತಿದೆ. ನೀವೇ ವಾದಿಸಿ, ಈಗಲೇ ಕೇಳುತ್ತೇನೆ," ಎಂದು ಕಿರಿಯಳಿಗೆ ಹೇಳಿದರು. ಕಿರಿಯಳು ಆ ಆಫೀಸಿನ ಪದ್ಧತಿಯಂತೆ ಕೈಕಟ್ಟಿ, ಸೀನಿಯರ್ ಊರಲ್ಲಿಲ್ಲ, ಸಮಯ ಬೇಕು ಎಂದಳು. ಎದುರು ವಕೀಲ ಪಕ್ಕದಲ್ಲೇ ನಿಂತು ನಮ್ಮ ಅಭ್ಯಂತರವಿಲ್ಲ ಎಂದ. ಹತ್ತು ದಿನದ ಸಮಯ ಸಿಕ್ಕಿತು. ಮರುದಿನ ಬೆಳಿಗ್ಗೆ ವ್ಯಾಪಾರಿ ಬೇಲಿ ಹಾಕಿಸಿದ.

ವಕೀಲ ಕಿರಿಯಳನ್ನು ಕರೆದ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ಆ ಆಫೀಸಿನ ಗೋಡೆಗಳೂ ಕಂಡಿರಲಿಲ್ಲ.

"ಕೇಸ್ ನಿನ್ನ ಕೈಯಾಗಿತ್ತು. ಜಡ್ಜ್ ಸಾಹೇಬ್ರ ಹೇಳು ಅಂದ್ರು. ಬಾಯಿ ಇರಲಿಲ್ಲೇನು ನಿನಗ?"

ಕಿರಿಯಳು ಅಳಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ.

"ಸರ, ನಾ ಎದ್ದಾಗೊಮ್ಮೆ ನೀವು ಎದ್ದೀರಿ, ನಾ ಕೂತೀನಿ. ಅವತ್ತು ನೀವು ಇರಲಿಲ್ಲ. ಆದ್ರೂ ಕೂತಬಿಟ್ನಿ."

ಮಾಸ್ತರರು ಇಲ್ಲಿ ನಿಲ್ಲಿಸಿ ತಮ್ಮ ಚಹಾ ಕುಡಿದರು. ಇಂಥ ಮಾತು ಕೇಳಿದ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ, ಎಂದರು. ಹೇಳಿದವರನ್ನು ಹೊರಗೆ ಹಾಕುತ್ತಾರೆ, ಇಲ್ಲವೇ ಅವರಿಗೆ ಅರ್ಧ ಗಂಟೆ ಬುದ್ಧಿ ಹೇಳುತ್ತಾರೆ. ಆ ವಕೀಲ ಎರಡನ್ನೂ ಮಾಡಲಿಲ್ಲ. ಅದಕ್ಕೇ ಈ ಕತೆ ಹೇಳುವುದು.

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ಒಣಗುತ್ತಿದ್ದ ಸೀರೆಗಳನ್ನು ನೋಡುತ್ತ ನಿಂತ. ನಾಚಿಕೆಯಾಯಿತು ಅವನಿಗೆ. ನೋಟರಿಯಾದವನು ನೆನಪಾದ. ಜೆರಾಕ್ಸ್ ಅಂಗಡಿಯವನು ನೆನಪಾದ. ಒಳ್ಳೆಯ ದನಿಯಿದ್ದ ಹುಡುಗರು ಅವರು. ಅವರ ದನಿಯನ್ನು ಎರಡು ವಾಕ್ಯಕ್ಕಿಂತ ಹೆಚ್ಚು ತಾನು ಕೇಳಿಯೇ ಇರಲಿಲ್ಲ ಎಂದು ಅವನಿಗೆ ಅಂದು ಗೊತ್ತಾಯಿತು.

ಮುಂದಿನ ತಾರೀಖಿಗೆ ಮೂರು ದಿನವಿತ್ತು. "ಈ ಅರ್ಜಿ ನೀನ ವಾದಿಸ್ತಿ," ಎಂದು ಕಿರಿಯಳಿಗೆ ಹೇಳಿದ. ಆದರೆ ಕೇಸು ಅವನದಲ್ಲ, ಅಜ್ಜಿಯದು. ಕಳೆದುಕೊಳ್ಳುವವಳು ಅವಳು. ಹಾಗಾಗಿ ಅಜ್ಜಿಯನ್ನು ಕೂರಿಸಿಕೊಂಡು ಕೇಳಿದ. ಹುಡುಗಿ ಹೊಸಬಳು, ಒಪ್ಪಿಗೆ ಇಲ್ಲದಿದ್ದರೆ ಹೇಳು, ನಾನೇ ನಿಲ್ಲುತ್ತೇನೆ ಎಂದ.

ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿದಳು.

"ಅಕಿ ನಮ್ಮ ಒಗಿಯೂ ಕಲ್ಲು ಎಣಿಸ್ಯಾಳ್ರಿ. ನೀರಾಗ ಇಳದು ಎಣಿಸ್ಯಾಳ. ನೀವು ಒಂದಿನಾರ ಕೆರಿ ಕಡೆ ಬಂದೀರೇನು?"

ಅವನು ಹೋಗಿರಲಿಲ್ಲ. ಅಲ್ಲಿಗೆ ಒಪ್ಪಿಗೆಯಾಯಿತು.

ಮೂರು ಸಂಜೆ ಅವನು ನ್ಯಾಯಾಧೀಶನಂತೆ ಮೇಜಿನ ಹಿಂದೆ ಕೂತ. ಕಿರಿಯಳು ಎದುರು ನಿಂತು ವಾದಿಸಿದಳು. ಮೊದಲ ಸಂಜೆ ಅವನು ಹನ್ನೊಂದು ಸಲ ನಡುವೆ ಬಾಯಿ ಹಾಕಿದ. ಎರಡನೆಯ ಸಂಜೆ ನಾಲ್ಕು ಸಲ. ಮೂರನೆಯ ಸಂಜೆ ಒಂದೇ ಸಲ, ಅದೂ ಕೆಮ್ಮು ಎಂದು ಸಾಧಿಸಿದ. ಆದರೂ ಅವನಿಗೆ ತನ್ನ ಮೇಲೆ ನಂಬಿಕೆಯಿರಲಿಲ್ಲ. ಇಪ್ಪತ್ತು ವರ್ಷದ ಚಟ ಮೂರು ಸಂಜೆಗೆ ಬಿಡುವಂಥದ್ದಲ್ಲ.

ಕೋರ್ಟಿನ ಒಂದು ನಿಯಮ ನಿಮಗೆಲ್ಲ ಗೊತ್ತಿದೆ. ಕೊರಳಿಗೆ ಬಿಳಿ ಪಟ್ಟಿ, ಮೈಮೇಲೆ ಕರಿ ಗೌನು ಇಲ್ಲದ ವಕೀಲ ನ್ಯಾಯಾಧೀಶರ ಮುಂದೆ ಮಾತಾಡುವಂತಿಲ್ಲ. ಎಷ್ಟು ದೊಡ್ಡ ವಕೀಲನಾದರೂ ಅಷ್ಟೇ. ವಿಚಾರಣೆಯ ದಿನ ಅವನು ಗೌನನ್ನು ಆಫೀಸಿನಲ್ಲೇ ಬಿಟ್ಟುಬಂದ. ಕೋರ್ಟಿನ ಬಾಗಿಲಲ್ಲಿ ಕೊರಳಪಟ್ಟಿ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟ.

"ಇದನ್ನ ಹಿಡ್ಕೊ. ನಾ ಬೇಡಿದ್ರೂ ಕೊಡಬ್ಯಾಡ."

ಅಜ್ಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. "ಯಾರ ಒಗದಾರ್ರಿ ಇದನ್ನ? ನೀಲಿ ಭಾಳ ಆಗೇತಿ," ಎಂದಳು.

ಇಬ್ಬರೂ ಹಿಂದಿನ ಬೆಂಚಿನಲ್ಲಿ, ಜನರ ನಡುವೆ ಕೂತರು. ವಕೀಲರೆಲ್ಲ ತಿರುಗಿ ತಿರುಗಿ ನೋಡಿದರು. ಬರಿಗೊರಳಿನ ಅವನನ್ನು ಅವರು ಎಂದೂ ಕಂಡಿರಲಿಲ್ಲ.

ಕಿರಿಯಳು ಎದ್ದು ನಿಂತಳು. ದನಿ ಮೊದಲು ನಡುಗಿತು. ಬಂಡೆಗಳ ಲೆಕ್ಕಕ್ಕೆ ಬಂದಾಗ ನಡುಕ ನಿಂತಿತು. ಬಟ್ಟೆಯ ಹಗ್ಗಕ್ಕೆ ಗೂಟ ಹುಗಿದು ಹುಗಿದು ಬಿದ್ದ ಕುಳಿಗಳು ಆ ಬಯಲಿನಲ್ಲಿ ಎಲ್ಲೆಲ್ಲಿವೆ ಎಂದು ಹೇಳಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು.

"ಹಾಕಲಿರುವ ಬೇಲಿಯನ್ನು ತಡೆಯುವುದು ಬೇರೆ. ಹಾಕಿದ ಬೇಲಿಯನ್ನು ಕೀಳಿಸುವುದು ಬೇರೆ. ಅಂದೇ ವಾದಿಸಿ ಎಂದು ನಿಮಗೆ ಹೇಳಿದೆ. ಸಮಯ ಕೇಳಿದವರು ನೀವೇ. ಈಗ ನಾನೇನು ಮಾಡಲಿ?"

ಕಿರಿಯಳು ಸುಮ್ಮನಾದಳು. ಈ ಪ್ರಶ್ನೆ ಮೂರು ಸಂಜೆಗಳಲ್ಲಿ ಬಂದಿರಲಿಲ್ಲ. ಎದುರು ವಕೀಲ ಮೀಸೆಯಲ್ಲೇ ನಕ್ಕ.

ಹಿಂದಿನ ಬೆಂಚಿನಲ್ಲಿ ವಕೀಲ ಅರ್ಧ ಎದ್ದಿದ್ದ. ಅವನಿಗೆ ಉತ್ತರ ಗೊತ್ತಿತ್ತು. ಹಳೆಯ ಮೂರು ತೀರ್ಪುಗಳು ನಾಲಿಗೆಯ ತುದಿಯಲ್ಲಿದ್ದವು. ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನ್ಯಾಯಾಧೀಶರು ಅವನನ್ನು ಕಂಡರು. "ನೀವೇನಾದರೂ ಹೇಳುವುದಿದೆಯೇ?" ಎಂದರು.

ಅವನು ಅಜ್ಜಿಯ ಕಡೆ ಕೈ ಚಾಚಿದ. ಹನ್ನೊಂದು ಮನೆಗಳ ಅನ್ನ ಆ ಒಂದು ಉತ್ತರದ ಮೇಲೆ ನಿಂತಿತ್ತು. ತಾನು ಎದ್ದರೆ ಉಳಿಯುತ್ತದೆ ಎಂದು ಅವನು ನಂಬಿದ್ದ. ಕೊಡು ಎಂದು ಕಣ್ಣಿನಲ್ಲೇ ಬೇಡಿದ.

ಅಜ್ಜಿ ಪಟ್ಟಿಯನ್ನು ಮಡಚಿ ತನ್ನ ಎಲೆ ಅಡಿಕೆ ಚೀಲದಲ್ಲಿ ತುರುಕಿ ಸೊಂಟಕ್ಕೆ ಸಿಗಿಸಿಕೊಂಡಳು.

"ಕೂಡ್ರಿ ಸಾಹೇಬ್ರ. ಅಕಿ ಹೇಳ್ತಾಳ."

ಅವನು ನ್ಯಾಯಾಧೀಶರಿಗೆ ಕೈಮುಗಿದ. "ನನ್ನ ಕೊರಳಲ್ಲಿ ಪಟ್ಟಿ ಇಲ್ಲ, ಸ್ವಾಮಿ. ಈ ಕೇಸಿನ ವಕೀಲರು ಅವರು," ಎಂದ. ಕೂತ. ಹುಟ್ಟಿದ ಮೇಲೆ ಅವನು ಮಾಡಿದ ಅತಿ ಕಷ್ಟದ ಕೆಲಸ ಅದು.

ಕಿರಿಯಳು ತಿರುಗಿ ಅವನನ್ನು ಒಮ್ಮೆ ನೋಡಿದಳು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದಳು.

"ತಪ್ಪು ನನ್ನದು, ಸ್ವಾಮಿ. ಅಂದು ನಾನು ವಾದಿಸಬೇಕಿತ್ತು. ಧೈರ್ಯವಾಗಲಿಲ್ಲ. ಅದರ ಶಿಕ್ಷೆ ಕಕ್ಷಿದಾರರಿಗೆ ಆಗಬಾರದು. ಆದರೆ ನಾನು ಸಮಯ ಕೇಳಿದೆನಷ್ಟೇ, ಕೊಟ್ಟದ್ದು ನ್ಯಾಯಾಲಯ. ಎದುರು ಪಕ್ಷದವರು ಅಭ್ಯಂತರವಿಲ್ಲ ಎಂದು ಇಲ್ಲೇ ನಿಂತು ಹೇಳಿದರು. ಆ ಹತ್ತು ದಿನ ಆ ಬಯಲು ನ್ಯಾಯಾಲಯದ ಕೈಯಲ್ಲಿತ್ತು. ಇವರು ಬೇಲಿ ಹಾಕಿದ್ದು ಮಡಿವಾಳರ ಸುತ್ತ ಅಲ್ಲ, ನ್ಯಾಯಾಲಯ ಕೊಟ್ಟ ಸಮಯದ ಸುತ್ತ. ಹೊಸದೇನನ್ನೂ ನಾನು ಕೇಳುತ್ತಿಲ್ಲ. ನೀವು ಸಮಯ ಕೊಟ್ಟ ದಿನ ಬಯಲು ಹೇಗಿತ್ತೋ ಹಾಗೆ ಮಾಡಿಸಿ ಕೊಡಿ."

ಎದುರು ವಕೀಲನ ನಗು ನಿಂತಿತು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ದಾವೆ ಮುಗಿಯುವವರೆಗೆ ಬಯಲು ಮೊದಲಿನಂತೆ ಇರಬೇಕು, ಎರಡು ದಿನದಲ್ಲಿ ಬೇಲಿ ತೆಗೆಯಬೇಕು ಎಂದು ಆದೇಶವಾಯಿತು.

ಹಿಂದಿನ ಬೆಂಚಿನಲ್ಲಿ ವಕೀಲ ಬೆರಗಾಗಿ ಕೂತಿದ್ದ. ಆ ಮಾತು ಅವನಿಗೆ ಹೊಳೆದಿರಲಿಲ್ಲ. ಅವನು ಎದ್ದಿದ್ದರೆ ಮೂರು ತೀರ್ಪು ಓದುತ್ತಿದ್ದ, ನಲವತ್ತು ನಿಮಿಷ ಚೆಂದಾಗಿ ಮಾತಾಡುತ್ತಿದ್ದ, ಬಹುಶಃ ಸೋಲುತ್ತಿದ್ದ. ಆ ತಪ್ಪನ್ನು ಮಾಡಿ ಹತ್ತು ದಿನ ಅದರೊಂದಿಗೆ ಇದ್ದವಳಿಗೇ ಆ ಮಾತು ಹೊಳೆಯುವಂಥದ್ದು. ಅವನ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಹೋಗಲಿಲ್ಲ.

ನಾಲ್ಕು ದಿನ ಬಿಟ್ಟು ಅಜ್ಜಿ ಆಫೀಸಿಗೆ ಬಂದಳು. ಪಟ್ಟಿಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಾಗದದಲ್ಲಿ ಸುತ್ತಿ ತಂದಿದ್ದಳು. "ನಮ್ಮ ಬಯಲಾಗ ಒಣಗಿದ್ದು," ಎಂದು ಮೇಜಿನ ಮೇಲಿಟ್ಟು ಹೋದಳು. ಪಟ್ಟಿ ಅಷ್ಟು ಬೆಳ್ಳಗೆ ಎಂದೂ ಆಗಿರಲಿಲ್ಲ.

ಅವತ್ತಿನಿಂದ ಕಿರಿಯರು ವಾದಿಸುವ ದಿನ ಅವನು ಪಟ್ಟಿ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹಿಂದೆ ಕೂರುತ್ತಿದ್ದ. ಚಟ ಪೂರ್ತಿ ಬಿಡಲಿಲ್ಲ. ಕೈ ಆಗಾಗ ಕೊರಳಿಗೆ ಹೋಗುತ್ತಿತ್ತು, ಬರಿಗೈಯಲ್ಲಿ ತಿರುಗಿ ಬರುತ್ತಿತ್ತು. ಕೆಲವು ಸಲ ಕಿರಿಯರು ಸೋತರು. ಸೋತ ದಿನ ಅವರ ಜೊತೆ ಕೂತು ಮೇಲ್ಮನವಿ ಬರೆದ, ಮತ್ತೆ ಅವರನ್ನೇ ನಿಲ್ಲಿಸಿದ. ಜೆರಾಕ್ಸ್ ಅಂಗಡಿಯವನ ಹತ್ತಿರ ತಾನೇ ಹೋಗಿ, ಒಂದು ಕೇಸು ಇದೆ, ನೀನು ನಿಲ್ಲುತ್ತೀಯಾ ಎಂದು ಕೇಳಿದ. ಅಂಗಡಿಯವನು ಶಟರ್ ಎಳೆದು ಪೆಟ್ಟಿಗೆಯ ತಳದಿಂದ ಗೌನು ತೆಗೆದುಕೊಂಡು ಬಂದ. ಹತ್ತು ವರ್ಷದಲ್ಲಿ ಆ ಜಿಲ್ಲೆಯ ಯಾವ ಕೋರ್ಟಿಗೆ ಹೋದರೂ ಅವನ ಆಫೀಸಿನಲ್ಲಿ ಕಲಿತವರು ಯಾರಾದರೂ ನಿಂತು ವಾದಿಸುತ್ತಿರುತ್ತಿದ್ದರು. ಅವನು ಒಳಗೆ ಬಂದರೆ ಅವರು ವಾದ ನಿಲ್ಲಿಸುತ್ತಿರಲಿಲ್ಲ. ಅವನಿಗೆ ಅದೇ ದೊಡ್ಡ ಮರ್ಯಾದೆಯಾಗಿತ್ತು.

ಮಾಸ್ತರರು ಕತೆ ಮುಗಿಸಿದರು. ಚನ್ನವೀರ ಮುಂದೆ ಬಗ್ಗಿ ಕೇಳುತ್ತಿದ್ದವನು ನೆಟ್ಟಗೆ ಕೂತ.

"ಭಾಳ ಚಲೋ ಐತ್ರಿ ಗುರುಗಳ," ಎಂದ. "ಕಡೀಕ ಆ ವಕೀಲ್ರು ಸಂಘದ ಅಧ್ಯಕ್ಷರಾದ್ರೇನ್ರಿ?"

ಮಾಸ್ತರರು ಎದ್ದು ಬಾಗಿಲ ಹತ್ತಿರ ಹೋದರು. ಚಹಾ ಕುಡಿಯುವುದಿಲ್ಲ ಎನ್ನಿಸಿಕೊಂಡವಳ ಲೋಟ ಬರಿದಾಗಿತ್ತು. ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕೇಳಿದರು.

"ಈಗ ನೀ ಹೇಳವ್ವ, ನಿನ್ನ ಹೆಸರೇನು?"

ಚನ್ನವೀರ ಬಾಯಿ ತೆರೆದವನು ಹಾಗೆಯೇ ಸುಮ್ಮನಾದ.